ಯಾರ ವಾರವೂ ಅಲ್ಲದ ದಿನ

ಪಾರ್ಟಿ ಕೇಳುವುದರಲ್ಲಿ ನಮ್ಮ ಸ್ಟಾಫ್‌ರೂಮಿಗೆ ನಾಚಿಕೆಯೆಂಬುದಿಲ್ಲ. ಕುರುಗೋಡಿನ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ನನಗೆ ಅಲ್ಲೇ ಹೆಡ್‌ಮೇಡಂ ಆಗಿ ಆರ್ಡರ್ ಬಂತು. ಬಂದ ದಿನವೇ ಗಣಿತದ ಮೇಷ್ಟ್ರು, "ಪಾರ್ಟಿ ಯಾವಾಗ ಕೊಡ್ತೀರಿ ಮೇಡಂ?" ಎಂದು ಶುರು ಹಚ್ಚಿದರು. ಅವರು, ಪಿ.ಟಿ. ಮೇಷ್ಟ್ರು, ವಿಜ್ಞಾನದ ಮೇಡಂ ಮತ್ತು ನಾನು ಬಳ್ಳಾರಿಯಿಂದ ದಿನಾ ಒಂದೇ ಬಸ್ಸಿಗೆ ಹೋಗಿಬರುವವರು. ಸಂಜೆ ಬಸ್ಸು ತಡವಾದರೆ ಸ್ಟ್ಯಾಂಡಿನ ಪಕ್ಕದ ತಳ್ಳುಗಾಡಿಯಲ್ಲಿ ನಾಲ್ವರೂ ನಿಂತು ಆಮ್ಲೆಟ್ ತಿನ್ನುತ್ತೇವೆ. ಗಾಡಿಯವನು ಯಾವ ಜಾತಿಯ ಪೈಕಿ ಎಂದು ಯಾರೂ ಕೇಳಿಲ್ಲ.

ಹೋಟೆಲಿಗೆ ಕರೆದುಕೊಂಡು ಹೋಗಿ ಕೈತೊಳೆದುಕೊಳ್ಳಬಹುದಿತ್ತು. ನಾನು ಮನೆಗೇ ಬರ್ರಿ ಎಂದೆ. ಇಷ್ಟು ವರ್ಷ ಜೊತೆಗೆ ಓಡಾಡಿದರೂ ಅವರಲ್ಲಿ ಒಬ್ಬರೂ ನಮ್ಮ ಮನೆಯಲ್ಲಿ ಒಂದು ತುತ್ತು ತಿಂದಿರಲಿಲ್ಲ. ನಾನು ಸಿರುಗುಪ್ಪ ತಾಲೂಕಿನ ದೇಶನೂರಿನ ಊರಾಚೆಯ ಕೇರಿಯವಳು. ನಮ್ಮವ್ವ ಇವತ್ತಿಗೂ ಭತ್ತದ ನಾಟಿಗೆ ಕೂಲಿ ಹೋಗುತ್ತಾಳೆ. ಇದು ಅವರಿಗೆ ಗೊತ್ತು, ಗೊತ್ತಿರುವುದು ನನಗೂ ಗೊತ್ತು. ಯಾರೂ ಬಾಯಿ ಬಿಟ್ಟು ಆಡಿಲ್ಲ, ಅಷ್ಟೇ. ಒಮ್ಮೆಯಾದರೂ ಅವರು ನನ್ನ ಮನೆಯಲ್ಲಿ ಕೂತು, ನಾನು ಕೈಯಾರೆ ಮಾಡಿದ್ದನ್ನು ತಿನ್ನಬೇಕು ಎನ್ನುವುದು ನನ್ನ ಆಸೆ. ಹೆಡ್‌ಮೇಡಂ ಆಗಿದ್ದಕ್ಕಿಂತ ನನಗೆ ಅದು ದೊಡ್ಡದಾಗಿತ್ತು.

ಮೊದಲು ದಿನ ಗೊತ್ತುಮಾಡಬೇಕಿತ್ತು. ನಮ್ಮ ಕಡೆ ದೇವರ ಹೆಸರಲ್ಲಿ ವಾರ ಮಾಡುತ್ತಾರೆ, ಆ ದಿನ ಮೊಟ್ಟೆ ಮಾಂಸ ಮುಟ್ಟುವುದಿಲ್ಲ. ಗಣಿತದ ಮೇಷ್ಟ್ರದು ಸೋಮವಾರ, ಪಿ.ಟಿ. ಮೇಷ್ಟ್ರದು ಶನಿವಾರ, ವಿಜ್ಞಾನದ ಮೇಡಂದು ಗುರುವಾರ; ಸೋಮವಾರವಂತೂ ಮೂವರೂ ಮುಟ್ಟುವುದಿಲ್ಲ. ಯಾರಿಗೂ ಜಾರಿಕೊಳ್ಳಲು ಸಂದು ಇರಬಾರದೆಂದು ಕ್ಯಾಲೆಂಡರ್ ಹಿಡಿದು ಕೂತೆ. ಅಮಾವಾಸ್ಯೆ ಇಲ್ಲ, ಸಂಕಷ್ಟಿ ಇಲ್ಲ, ಶ್ರಾವಣವೂ ಅಲ್ಲದ ಒಂದು ಭಾನುವಾರ ಸಿಕ್ಕಿತು. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ ಮುಂದೆ ಸಾಲು ಹಚ್ಚುವವರು ಮೊಟ್ಟೆ ಒಲ್ಲೆ ಅನ್ನುತ್ತಾರೆಯೇ? ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಏನು ಮಾಡಬೇಕೆಂಬುದು ಮೊಬೈಲಿನಲ್ಲಿ ಸಿಕ್ಕಿತು. ಡೆವಿಲ್ಡ್ ಎಗ್ ಅಂತೆ. ಬೇಯಿಸಿದ ಮೊಟ್ಟೆಯನ್ನು ಉದ್ದಕ್ಕೆ ಸೀಳಿ, ಒಳಗಿನ ಹಳದಿ ತೆಗೆದು, ಅದಕ್ಕೆ ಬಿಳಿ ಸಾಸು ಕಲಸಿ ಮತ್ತೆ ಅಲ್ಲೇ ತುಂಬುವುದು. ಆ ಸಾಸು ನನಗೆ ಸಪ್ಪೆ ಎನ್ನಿಸಿತು. ಅದನ್ನು ಬಿಟ್ಟು ಗಟ್ಟಿ ಮೊಸರು, ಗುರೆಳ್ಳು ಚಟ್ನಿಪುಡಿ, ಅವ್ವ ಕುಟ್ಟಿದ ಕೆಂಪು ಖಾರ, ನಿಂಬೆಹುಳಿ ಹಾಕಿದೆ. ಮೊಟ್ಟೆ ಅವ್ವನ ಕೋಳಿಗಳವೇ. ಹಿಂದಿನ ದಿನ ಅಕ್ಕಿ ಡಬ್ಬಿಯೊಳಗೆ ಹುದುಗಿಸಿ, ಸಿರುಗುಪ್ಪ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ತಾಜಾ ಮೊಟ್ಟೆ ಸುಲಿಯುವುದು ಎಂಥ ಕಷ್ಟ ಎಂದು ಅವತ್ತು ಗೊತ್ತಾಯಿತು. ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬರುತ್ತಿತ್ತು. ಹರಿದವನ್ನು ನಾವಿಬ್ಬರೇ ತಿಂದು, ಚೆನ್ನಾಗಿರುವುದನ್ನು ಆರಿಸಿ ತಟ್ಟೆಗಿಟ್ಟೆವು. ಹಾಲಿನ ಪಾಕೀಟಿನ ಮೂಲೆ ಕತ್ತರಿಸಿ, ಮೆಹಂದಿ ಕೋನಿನ ಹಾಗೆ ಹಿಡಿದು ಹೂರಣ ತುಂಬಿದೆ.

ಅವ್ವ ತಟ್ಟೆ ನೋಡಿ, "ತತ್ತಿಗೂ ಸಿಂಗಾರ ಮಾಡೀಯಲ್ಲವ್ವಾ" ಎಂದು ನಕ್ಕಳು.

ಮೂವರೂ ಹೇಳಿದ ಹೊತ್ತಿಗೇ ಬಂದರು. ನನಗೊಂದು ಶಾಲು ತಂದಿದ್ದರು. ಗೋಡೆಯ ಮೇಲಿನ ಬುದ್ಧನ ಚಿತ್ರ ಚೆನ್ನಾಗಿದೆ ಎಂದರು, ಅವ್ವನ ಮೊಣಕಾಲು ನೋವು ವಿಚಾರಿಸಿದರು. ನಾನು ತಟ್ಟೆ ತಂದು ಮುಂದೆ ಹಿಡಿದೆ.

"ಆಹಾ, ಏನ್ ಛಂದ ಮಾಡೀರಿ ಮೇಡಂ" ಎಂದು ವಿಜ್ಞಾನದ ಮೇಡಂ ಫೋಟೋ ತೆಗೆದರು. ಆಮೇಲೆ ಅವರಿಗೆ ಅಸಿಡಿಟಿ ನೆನಪಾಯಿತು. ಪಿ.ಟಿ. ಮೇಷ್ಟ್ರು ಈಗಷ್ಟೇ ಊಟ ಮಾಡಿದ್ದರು. ಗಣಿತದ ಮೇಷ್ಟ್ರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು.

"ಇವತ್ತು ಐತಾರ ಅಲ್ಲರಿ?" ಎಂದೆ. ದನಿ ಸ್ವಲ್ಪ ಗಟ್ಟಿಯಾಗಿಯೇ ಬಂತು.

"ಹೌದ್ರಿ, ಐತಾರ" ಎಂದರು. "ಹೊಟ್ಟಿ ಯಾಕೋ ಭಾರ ಐತ್ರಿ" ಎಂದು ಪಕ್ಕದ ಬಾಳೆಹಣ್ಣಿಗೆ ಕೈಹಾಕಿದರು. ಭಾರವಾದ ಹೊಟ್ಟೆಗೆ ಎರಡು ಬಾಳೆಹಣ್ಣು ಹೋದವು.

ಬಾಳೆಹಣ್ಣಿಗೆ ಸಿಪ್ಪೆ ಇರುತ್ತದೆ. ಮೊಟ್ಟೆಯನ್ನೂ ಸುಲಿಯದೆ ಹಾಗೇ ಇಟ್ಟಿದ್ದರೆ ತಿನ್ನುತ್ತಿದ್ದರೋ ಏನೋ. ನಾನೋ ಸುಲಿದು, ಸೀಳಿ, ಕಿವುಚಿ, ಮತ್ತೆ ತುಂಬಿ, ಒಂದೊಂದನ್ನೂ ನಾಲ್ಕು ಸಲ ಕೈಯಲ್ಲಿ ಹಿಡಿದಿದ್ದೆ. ಮನೆಯವಳು ತಿಂದರೆ ಅವರೂ ತಿಂದಾರು ಎಂದು ನಾನೇ ಒಂದು ಬಾಯಿಗಿಟ್ಟುಕೊಂಡೆ. ಯಾರ ಕೈಯೂ ತಟ್ಟೆಯ ಕಡೆ ಬರಲಿಲ್ಲ. ಯಾರಾದರೂ ಒಂದು ಕೆಟ್ಟ ಮಾತು ಆಡಿದ್ದರೆ ಜಗಳವಾಡುತ್ತಿದ್ದೆ, ಜಗಳಕ್ಕೆ ನಾನು ಹಿಂದೆ ಸರಿಯುವವಳಲ್ಲ. ಎಲ್ಲರೂ ನಗುನಗುತ್ತಾ ಮಾತಾಡಿದರು. ಅಸಿಡಿಟಿಯ ಜೊತೆ ಜಗಳವಾಡುವುದು ಹೇಗೆ?

ಶಾಲು ಹೊದಿಸಿ ಫೋಟೋ ತೆಗೆದು ಅವರು ಹೋದರು. ನಾನು ಸೋಫಾದ ಮೇಲೆ ಶಾಲು ಹೊದ್ದುಕೊಂಡೇ ಕೂತೆ. ಅಳು ಬಂತು, ಅತ್ತೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಬಂದು ಪಕ್ಕದಲ್ಲಿ ಕೂತು ಒಂದು ಮೊಟ್ಟೆ ತಿಂದಳು.

"ಖಾರ ಸರಿ ಆಗೇತಿ" ಎಂದಳು. ಇನ್ನೊಂದು ಮೊಟ್ಟೆ ಕೈಗೆತ್ತಿಕೊಂಡು, "ಇಂಥಾವ್ರನ್ನ ಸೋಮಾರ ಕರೀಬೇಕವ್ವಾ" ಎಂದಳು.

"ಸೋಮವಾರ ಯಾರು ತತ್ತಿ ತಿಂತಾರಬೇ?" ಎಂದು ರೇಗಿದೆ.

"ಅದಕ್ಕ ಸೋಮಾರ. ವಾರ ಐತಿ, ಅದಕ್ಕ ತಿನ್ನಲಿಲ್ಲ ಅಂತ ಅವರೂ ಅಂತಿದ್ರು, ನೀನೂ ಅನ್ಕಂತಿದ್ದಿ."

ನನಗೆ ಅವ್ವನ ಮೇಲೆ ಇನ್ನಿಲ್ಲದ ಸಿಟ್ಟು ಬಂತು. ಹೆದರಿ ಹೆದರಿ ಬಾಳಿದವಳ ಮಾತು ಇದು, ನಾನು ಹಾಗೆ ಬಾಳುವವಳಲ್ಲ ಎಂದು ಮುಖದ ಮೇಲೇ ಅಂದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹೋದ ತಿಂಗಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ನನ್ನ ಮಗಳು ಪಿಯುಸಿ ಪಾಸಾದಳು. ಬಸ್ಸಿನಲ್ಲಿ ಮೂವರೂ ಮತ್ತೆ ಪಾರ್ಟಿ ಕೇಳಿದರು. ಇಲ್ಲ ಎನ್ನಬಹುದಿತ್ತು, ಹೋಟೆಲಿಗೆ ನಡೀರಿ ಎನ್ನಬಹುದಿತ್ತು. ಬಾಯಿ ನನ್ನ ಮಾತು ಕೇಳಲಿಲ್ಲ.

"ಸೋಮವಾರ ಸಂಜಿ ಮನಿಗೆ ಬರ್ರಿ" ಎಂದೆ.