ಕುಟುಂಬ ಗೊತ್ತಿಲ್ಲದ ಹವಳ

“ಇದ್ರ್ ಬಳಿ ಯಾವ್ದ್ ಮಾರಾಯ್ರೆ?” ಎಂದು ತಮಾಷೆಗೆ ಕೇಳಿದೆ. ಬೈಂದೂರಿನ ಕಡಲಿಗೆ ನನ್ನ ದೋಣಿ ಬಾಡಿಗೆಗೆ ಹಿಡಿದಿದ್ದ ಸಂಶೋಧಕಿ ನೀರಿನಿಂದ ಮೇಲೆ ಬಂದು ಹವಳದ ಫೋಟೊ ತೋರಿಸುತ್ತಿದ್ದರು.

“ನೋಡೋಕೆ ಒಂದೇ ಥರ ಅಂತ ವಿಜ್ಞಾನಿಗಳು ಇದನ್ನ ಮೊದಲು ಬೇರೆ ಹವಳಗಳ ಕುಟುಂಬಕ್ಕೆ ಸೇರಿಸಿದ್ರು. ಪರೀಕ್ಷೆ ಮಾಡಿದ್ರೆ ಅಲ್ಲಿಯದಲ್ಲ. ಈಗ ಕುಟುಂಬ ಗೊತ್ತಿಲ್ಲದ್ದು ಅಂತಲೇ ಬೇರೆ ಇಟ್ಟಿದ್ದಾರೆ” ಎಂದರು.

“ಅಡ್ಡಿಲ್ಲ, ಜಾಗ ಒಂದ್ ಕೊಟ್ರಲೆ” ಎಂದೆ.

ನಮ್ಮಲ್ಲಿ ಬಳಿ ಎಂದರೆ ತಾಯಿಯಿಂದ ಬರುವ ಕುಲದ ಹೆಸರು. ಅದನ್ನು ಕೇಳದೆ ಹೆಣ್ಣು ಕೊಡುವುದಿಲ್ಲ. ತಾಯಿ ಯಾರೆಂದೇ ತಿಳಿಯದ ನಾನು ದುಡಿದು ದೋಣಿ ಮಾಡಿದೆ, ಮನೆ ಕಟ್ಟಿದೆ, ಹೆಂಡತಿ ಸಿಗಲಿಲ್ಲ.

ಅದಕ್ಕೇ ಒಂದು ಕಿವಿಮಾತು: ಸಂಬಂಧ ಕೇಳಲು ಬಂದವನು ಬಳಿ ಗೊತ್ತಿಲ್ಲ ಎಂದರೆ, ಹೆಣ್ಣು ಕೊಡದಿದ್ದರೂ ಚಿಂತೆಯಿಲ್ಲ, ಊಟಕ್ಕೊಂದು ಎಲೆ ಹಾಕಿ.