ಹುಳು ಮನೆಯ ಮುಂದಿನ ಸ್ಕ್ಯಾನರು

ಟೇಕಲ್ ಸ್ಟೇಷನ್ನಿನಿಂದ ಅರ್ಧ ಮೈಲಿ ಒಳಗೆ ಹೋದರೆ, ಹಿಂದೆ ರೇಷ್ಮೆ ಹುಳ, ಮುಂದೆ ಕಂಪ್ಯೂಟರು ಸಾಕಿಕೊಂಡಿರುವ ಮನೆ ಒಂದೇ ಒಂದು. ಅದು ಆಶಾರಾಣಿಯದು. ಮುಳಬಾಗಿಲು ಕಡೆಯ ಹೆಣ್ಣು. ಕುರುಡುಮಲೆಯ ಪಕ್ಕದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಬಿ.ಎ. ಮುಗಿಸಿದವಳು, ಕೋಲಾರದಲ್ಲಿ ಆರು ತಿಂಗಳು ಕಂಪ್ಯೂಟರು ಕಲಿತವಳು. ಮದುವೆಯಾಗಿ ಬಂದು ಎಂಟು ವರ್ಷ ಹಿಪ್ಪುನೇರಳೆ ಸೊಪ್ಪು ಕತ್ತರಿಸಿದ್ದೇ ಕತ್ತರಿಸಿದ್ದು. ಓದಿದ್ದೆಲ್ಲ ಹುಳದ ಪಾಲಾಯಿತಲ್ಲ ಎಂದು ಅವಳಿಗೆ ಒಳಗೊಳಗೇ ಉರಿ. ಕೊನೆಗೆ ಗಂಡನನ್ನು ಕಾಡಿ ಬೇಡಿ, ಜಗುಲಿಗೆ ಶೀಟು ಹೊದಿಸಿ, ನಾಲ್ಕು ತಿಂಗಳ ಹಿಂದೆ ಅಂಗಡಿ ತೆರೆದಳು. ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಷಿಪ್ಪಿನ ಅರ್ಜಿ, ಏನು ಬೇಕೋ ಕೇಳಿ. "ಮಾಲೂರಿಗ್ಯಾಕೆ ಹೋಗ್ತೀರಾ, ನಾನಿಲ್ವಾ?" ಅನ್ನುವುದೇ ಅವಳ ಬೋರ್ಡು.

ಆ ಬುಧವಾರ ಅದೇ ಮಾತು ಅವಳ ಕೊರಳಿಗೆ ಸುತ್ತಿಕೊಂಡಿತು.

ಮಧ್ಯಾಹ್ನ ಎರಡಕ್ಕೆ ಮೇಲಿನ ಬೀದಿಯ ಶ್ವೇತ ಬಂದಳು. ಕೋಲಾರದ ಕಾಲೇಜೊಂದರಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ. ಸಂಜೆ ಐದರೊಳಗೆ ಐದು ಕಾಗದ ಸ್ಕ್ಯಾನ್ ಮಾಡಿ ಕಳಿಸದಿದ್ದರೆ ಸೀಟು ಬೇರೆಯವರಿಗೆ. ಫೋನಿನಲ್ಲಿ ತೆಗೆದ ಫೋಟೋಗಳನ್ನು ಕಾಲೇಜಿನವರು ಆಗಲೇ ಒಂದು ಸಲ ತಿರುಗಿ ಕಳಿಸಿದ್ದರು. "ಮಾಲೂರಿಗೆ ಹೋಗಿ ಮಾಡಿಸ್ಕೊಂಡ್ ಬರ್ತೀನಕ್ಕ, ಟ್ರೇನ್ ಇದೆ" ಅಂದಳು ಹುಡುಗಿ. "ಅಯ್ಯೋ ಕೂತ್ಕೊಳ್ಳೇ, ಎರಡು ನಿಮಿಷದ ಕೆಲಸ" ಎಂದು ಆಶಾರಾಣಿಯೇ ಕೂರಿಸಿದಳು. ಸುಮ್ಮನಿರಲಾರದವರ ಕಥೆ ಹೀಗೆಯೇ ಶುರುವಾಗುವುದು!

ಸ್ಕ್ಯಾನರಿನ ಹಸಿರು ದೀಪ ಉರಿಯುತ್ತಿದೆ. ಕಂಪ್ಯೂಟರು ಮಾತ್ರ 'ಸ್ಕ್ಯಾನರ್ ಸಿಗುತ್ತಿಲ್ಲ' ಅನ್ನುತ್ತಿದೆ. ಎದುರಿಗೇ ಕೂತಿರುವುದು ಹೇಗೆ ಸಿಗುವುದಿಲ್ಲ? ಆಫ್ ಮಾಡಿ ಆನ್ ಮಾಡಿದಳು. ಸಿಕ್ಕಿತು! ಮೊದಲ ಕಾಗದ ಅರ್ಧ ಬಂದು, ಶ್ವೇತಳ ಹೆಸರಿನ ಹತ್ತಿರ ನಿಂತು, ಮತ್ತೆ ಸಿಗುತ್ತಿಲ್ಲ. ಪೂರ್ತಿ ಕೆಟ್ಟಿದ್ದರೆ ಕೆಟ್ಟಿದೆ ಅನ್ನಬಹುದಿತ್ತು. ಇದು ಅತ್ತ ಕೆಟ್ಟೂ ಇಲ್ಲ, ಇತ್ತ ನೆಟ್ಟಗೂ ಇಲ್ಲ.

ಸ್ಕ್ಯಾನರ್ ಮಾರಿದ ಕೋಲಾರದ ಸುರೇಶನಿಗೆ ಫೋನು ಹಚ್ಚಿದಳು.

"ದೀಪ ಉರೀತಿದೆಯಾ ಮೇಡಂ?"

"ಉರೀತಿದೆ."

"ಹಂಗಾದ್ರೆ ಮಿಷನ್ ಚೆನ್ನಾಗೈತೆ. ಕಂಪ್ಯೂಟರ್ದೇ ತಕರಾರು. ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ."

ತೆಗೆದು ಹಾಕಿದಳು. ಅದಕ್ಕೇ ಮುಕ್ಕಾಲು ಗಂಟೆ. ಮತ್ತೆ ಸಿಕ್ಕಿತು, ಮತ್ತೆ ಹೋಯಿತು. ವೈರನ್ನು ಕಂಪ್ಯೂಟರಿನ ಈ ತೂತಿನಿಂದ ಕಿತ್ತು ಆ ತೂತಿಗೆ ಚುಚ್ಚಿದಳು. ಪ್ರಿಂಟರೂ ಹಾಳಾಗಿದೆಯೇ ಎಂದು ನೋಡಿದರೆ ಅದು ಗರಗರ ಎಂದು ಚೆನ್ನಾಗಿಯೇ ಕಾಗದ ಉಗುಳಿತು. ಮೂರನೇ ಸಲ ಫೋನು ಮಾಡಿದಾಗ ಸುರೇಶ ಎತ್ತಲೇ ಇಲ್ಲ, ಪುಣ್ಯಾತ್ಮ. ಇದೆಂಥ ಪೀಕಲಾಟವಪ್ಪಾ ಎಂದು ಆಶಾರಾಣಿಯ ತಲೆ ಗಿರ್ ಎಂದಿತು. ತಾನು ಕಲಿತದ್ದೇ ತಪ್ಪೋ, ಹಳೆಯ ಮಾಲು ಕೊಂಡದ್ದು ತಪ್ಪೋ, ಬೆಳಿಗ್ಗೆ ಎದ್ದ ಮಗ್ಗುಲೇ ಸರಿಯಿಲ್ಲವೋ, ಒಂದೂ ತಿಳಿಯದು.

ನಾಲ್ಕೂಕಾಲಾಯಿತು. ಇನ್ನು ಮಾಲೂರಿಗೆ ಹಾರಿ ಹೋದರೂ ಆಗದು. ಶ್ವೇತ ಅಳಲಿಲ್ಲ, ಬೈಯಲಿಲ್ಲ. ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಸರಿಮಾಡುತ್ತಾ ಕೂತಿದ್ದಳು. ಅದನ್ನು ನೋಡಿ ಆಶಾರಾಣಿ ಮತ್ತೊಂದು ಸಲ ಸ್ಕ್ಯಾನರು ಆಫ್ ಮಾಡಿ ಆನ್ ಮಾಡಿದಳು. ಹೋಗುತ್ತೇನೆ ಅಂದವಳನ್ನು ತಡೆದು ಕೂರಿಸಿದ್ದು ತಾನೇ. ಈ ಹುಡುಗಿಯ ಸೀಟು ಹೋದರೆ ನಾಳೆ ಯಾವ ಮುಖ ಹೊತ್ತು ಬಾಗಿಲು ತೆಗೆಯುವುದು?

"ಬಾರೇ, ಒಂದು ಲೋಟ ಮಜ್ಜಿಗೆ ಕುಡಿ, ಬೆಳಗಿಂದ ಏನೂ ತಿಂದಿಲ್ಲ ಅಂತೀಯ" ಎಂದು, ಸುಮ್ಮನೆ ಕೂರಲಾಗದೆ ಅವಳನ್ನು ಒಳಗೆ ಕರೆದುಕೊಂಡು ಹೋದಳು. ಲೋಟ ಕೊಟ್ಟು ತಾನೊಬ್ಬಳೇ ಜಗುಲಿಗೆ ಬಂದು ನೋಡುತ್ತಾಳೆ, ಅತ್ತೆ ವೆಂಕಟರತ್ನಮ್ಮ ಕುಕ್ಕರುಗಾಲಲ್ಲಿ ಕೂತು, ಪಕ್ಕದಲ್ಲಿ ಬಕೆಟ್ಟಿಟ್ಟುಕೊಂಡು, ಒದ್ದೆ ಬಟ್ಟೆಯಲ್ಲಿ ಸ್ಕ್ಯಾನರಿನ ವೈರನ್ನು ಎಮ್ಮೆ ಬಾಲ ತೊಳೆದ ಹಾಗೆ ತುದಿಯವರೆಗೆ ಒರೆಸುತ್ತಿದ್ದಾಳೆ. ಮೂಗಿಗೆ ಘಾಟು ಹೊಡೆಯಿತು. ಬ್ಲೀಚಿಂಗ್ ಪುಡಿಯ ನೀರು!

"ಅತ್ತೇ! ಏನ್ ಮಾಡ್ತಿದೀರಾ?"

"ಏಮ್ಮಾ, ಅದ್ಯಾಕಂಗೆ ಕೂಗ್ತೀಯ? ದಿನಾ ಮಾಡೋದೇ. ನೀನು ಉಣ್ಣಕ್ಕೆ ಹೋದಾಗ ಒಂದ್ ಸಲ, ಸಂಜೆ ಒಂದ್ ಸಲ."

ರೇಷ್ಮೆ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಹುಳು ಮನೆಯ ರೋಗ ಇನ್ನೊಂದಕ್ಕೆ ಜನರ ಕೈಕಾಲಿನಲ್ಲೇ ಬರುವುದು. ಅದಕ್ಕೇ ಬ್ಲೀಚಿಂಗ್ ನೀರಲ್ಲಿ ಕೈಕಾಲು ಅದ್ದದೆ ಯಾರೂ ಒಳಗೆ ಹೋಗುವಂತಿಲ್ಲ. ಆಶಾರಾಣಿಯ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಹುಳ ಸಾಕುವವರೇ. ಅವರು ಕುರ್ಚಿ ಮುಟ್ಟುತ್ತಾರೆ, ಸ್ಕ್ಯಾನರಿನ ಮುಚ್ಚಳ ಎತ್ತುತ್ತಾರೆ, ಮೇಜಿಂದ ಇಳಿಬಿದ್ದ ವೈರಿಗೆ ಕೈ ತಾಗಿಸುತ್ತಾರೆ. ಅವರು ಮುಟ್ಟಿದ್ದನ್ನೆಲ್ಲ ಮುದುಕಿ ಒರೆಸಿದ್ದಾಳೆ. ಪ್ರಿಂಟರು ಒಳಗಡೆ ಸ್ಟೂಲಿನ ಮೇಲಿತ್ತು, ಯಾರೂ ಮುಟ್ಟುತ್ತಿರಲಿಲ್ಲ, ಬದುಕಿಕೊಂಡಿತು.

ಆಶಾರಾಣಿ ವೈರು ಕಿತ್ತು ಬೆಳಕಿಗೆ ಹಿಡಿದಳು. ಸ್ಕ್ಯಾನರಿಗೆ ಚುಚ್ಚುವ ತುದಿಯ ಕಬ್ಬಿಣವೆಲ್ಲ ತುಕ್ಕು, ಒಳಗಿನ ತಾಮ್ರಕ್ಕೆ ಹಸಿರು ಕಿಲುಬು. ದೀಪಕ್ಕೆ ಕರೆಂಟು ತರುವ ವೈರೇ ಬೇರೆ, ಸುದ್ದಿ ಒಯ್ಯುವ ವೈರೇ ಬೇರೆ. ಇಷ್ಟು ಹೊತ್ತೂ ಇದು ಹೊಳೆಯಲಿಲ್ಲವಲ್ಲ! ಪ್ರಿಂಟರಿನ ವೈರಿಗೂ ಅದೇ ಥರದ ಚೌಕ ಮೂತಿ. ಅದನ್ನು ಕಿತ್ತಳು, ಸ್ಕ್ಯಾನರಿನ ತೂತನ್ನು ಬೆಂಕಿಕಡ್ಡಿಗೆ ಒಣ ಬಟ್ಟೆ ಸುತ್ತಿ ಕೆರೆದಳು, ಉಸಿರು ಬಿಗಿಹಿಡಿದು ಚುಚ್ಚಿದಳು. "ಶ್ವೇತಾ, ಬಾರೇ ಬೇಗ!"

ಒಂದನೆಯ ಕಾಗದ ಪೂರ್ತಿ ಬಂತು. ಎರಡು. ಮೂರು. ಇಂಟರ್‌ನೆಟ್ಟು ಎಳೆದೆಳೆದು ಐದನೆಯದು ಹೋಗುವಾಗ ಐದಕ್ಕೆ ಆರು ನಿಮಿಷ. ಪರದೆಯ ಮೇಲೆ ಹಸಿರು ಗುರುತು ಬಿದ್ದದ್ದೇ, ಶ್ವೇತ ಮೇಜಿಗೆ ಹಣೆ ಊರಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಅಮ್ಮನಿಗೆ ಹೇಳಲು ಓಡಿದಳು.

ವೆಂಕಟರತ್ನಮ್ಮ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದಳು. ಆಶಾರಾಣಿಗೆ ಮೂರು ಗಂಟೆಯಿಂದ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ಬಾಯಿಗೆ ಬಂತು.

"ಹೋದ ಸಲ ರೋಗ ಬಂದು ಹುಳದ ಬೆಳೆಯೆಲ್ಲ ಸತ್ತಿದ್ದು ನನಗೂ ಗೊತ್ತು ಅತ್ತೆ. ಭಯ ಇದ್ರೆ ಒಂದ್ ಮಾತು ಹೇಳಬಾರ್ದಾ? ಆ ಹುಡುಗಿ ಬಾಳೇ ಹೋಗ್ತಿತ್ತು! ನಾಲ್ಕು ತಿಂಗಳು ಬಾಯಿ ಮುಚ್ಕೊಂಡು ಒರೆಸ್ತಾ ಇದ್ದೀರಲ್ಲಾ!"

ಮುದುಕಿ ಬಟ್ಟೆ ಹಿಂಡಿದಳು. ಬ್ಲೀಚಿಂಗಿಗೆ ಬೆರಳ ಸಂದೆಲ್ಲ ಸುಲಿದು ಕೆಂಪಾಗಿತ್ತು.

"ಹೇಳಿದ್ರೆ ನಿನ್ ಗಂಡ ಅಂಗಡಿ ಮುಚ್ಚು ಅಂತಿದ್ದ, ನೀನು ಮುಚ್ತಿದ್ದೆ. ಎಂಟು ವರ್ಷ ಸೊಪ್ಪು ಕತ್ತರಿಸೋವಾಗ ನಿನ್ ಮುಖ ನೋಡಿದೀನಿ ಕಣೇ ನಾನು."