ಸೊಸೆಯ ಬದಲು ಅತ್ತೆಯ ರಕ್ತ

ತಿಳಿವಳಿಕೆಯೇ ಧೈರ್ಯದ ತಾಯಿ, ವಿಷಯ ತಿಳಿದವರಿಗೆ ಅಂಜಿಕೆ ಇರುವುದಿಲ್ಲ ಎಂದು ವೇದಿಕೆಯ ಮೇಲೆ ನಿಂತವರೆಲ್ಲ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಹೇಳಿ ಎಂಟು ದಿನ ತುಂಬುವುದರೊಳಗೆ ದವಾಖಾನೆಯ ಬೆಂಚಿನಿಂದ ಎದ್ದು, ಸೆರಗು ಮುಖಕ್ಕೆ ಅಡ್ಡ ಹಿಡಿದುಕೊಂಡು ಓಡಿಯೂ ಬಂದಿದ್ದೇನೆ.

ಹೋದ ವರ್ಷದ ಮಾತು. ಕಡಲೆ ಕೀಳುವ ದಿನಗಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನನಗೆ ಮೂರು ತಿಂಗಳು. ನನ್ನ ತವರು ಹೂಲಿ. ನಮ್ಮಪ್ಪ ಊರಲ್ಲಿ ಪುರಾಣ ಓದಿ ಅರ್ಥ ಹೇಳುವವರು. ಹೀಗಾಗಿ ಸಣ್ಣ ವಿಷಯವನ್ನೂ ದೊಡ್ಡ ದನಿಯಲ್ಲಿ ಹೇಳುವ ಚಟ ನನಗೆ ಹುಟ್ಟಿನಿಂದ ಬಂದಿದೆ. ಗಂಡನ ಮನೆ ಯರಗಟ್ಟಿ. ನಮ್ಮವರದು ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ. ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಖರ್ಚು ಮಾಡುವವರಲ್ಲ. ಹೊಲದ ಕಾರಭಾರವೆಲ್ಲ ಅತ್ತೆಯದು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಹತ್ತಿದವರನ್ನು ಅಳೆಯುವುದು ಮಾತ್ರ ಚೆನ್ನಾಗಿ ಗೊತ್ತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನ್ನನ್ನು ಸಿಟ್ಟು ಬಂದಾಗ ಶಾಲೆಯ ಹುಡುಗಿಯರ ಹಾಗೆ “ನಮ್ಮ ಅಕ್ಕಾರು” ಎನ್ನುತ್ತಾರೆ, ಕರುಳು ಕರಗಿದಾಗ “ಯವ್ವಾ” ಎನ್ನುತ್ತಾರೆ.

ನಮ್ಮ ಶಾಲೆಯ ವಿಜ್ಞಾನದ ಮಾಸ್ತರರಿಗೆ ಹೆಣ್ಣುಮಕ್ಕಳ ಆರೋಗ್ಯದ ಪಾಠ ಬಂದಾಗಲೆಲ್ಲ ಕೆಮ್ಮು ಬರುತ್ತದೆ. ಆ ಸಲವೂ ಬಂತು. ಪಾಠ ನನ್ನ ಪಾಲಿಗೆ ಬಿತ್ತು. ಬಸುರಿಯಾದ ಪ್ರತಿಯೊಬ್ಬಳೂ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು, ಅದರಲ್ಲಿ ನಾಚುವಂಥದ್ದು ಏನೂ ಇಲ್ಲ ಎಂದು ಹತ್ತನೇ ಇಯತ್ತೆಯ ಹುಡುಗಿಯರಿಗೆ ಸಭೆಯಲ್ಲಿ ಹೇಳಿದ ಹಾಗೆ ಹೇಳಿದೆ. ಹಿಂದಿನ ಸಾಲಿನ ಒಬ್ಬಳು ಎದ್ದು ನಿಂತು, ಯಾರಾದರೂ ನೋಡಿದರೆ ಏನು ಅಂದುಕೊಳ್ಳುತ್ತಾರೆ ಎಂದು ಕೇಳಿದಳು. ನೋಡುವವರ ಕಣ್ಣಿಗೆ ಅಂಜಿದವರು ಬದುಕುವುದು ಯಾವಾಗ ಎಂದು ನಾನು ಮರುಪ್ರಶ್ನೆ ಹಾಕಿದೆ. ಅವಳು ಅದನ್ನು ವಹಿಯಲ್ಲಿ ಬರೆದುಕೊಂಡಳು.

ಮರುವಾರ ನಾನೊಬ್ಬಳೇ ಬಸ್ಸು ಹತ್ತಿ ಸವದತ್ತಿಯ ದವಾಖಾನೆಗೆ ಹೋದೆ. ತೂಕ ನೋಡಿದರು, ಬಿ.ಪಿ. ನೋಡಿದರು, ತಾಯಿ ಕಾರ್ಡಿನಲ್ಲಿ ಎಲ್ಲವನ್ನೂ ಬರೆದರು. ನಂತರ ಸಿಸ್ಟರ್ ಓಣಿಯಂಥ ಉದ್ದನೆಯ ಪಡಸಾಲೆಯ ಕೊನೆಯ ಕೋಣೆ ತೋರಿಸಿದರು. ಅಲ್ಲಿ ಸಮಾಲೋಚಕರಿದ್ದಾರೆ, ಎಚ್‌ಐವಿ ಪರೀಕ್ಷೆಯ ಬಗ್ಗೆ ತಿಳಿಸಿ ಹೇಳುತ್ತಾರೆ, ನೀವು ಒಪ್ಪಿದರೆ ರಕ್ತ ತೆಗೆದುಕೊಳ್ಳುತ್ತಾರೆ ಎಂದರು. ಕೋಣೆಯ ಮುಂದೆ ಒಂದು ಬೆಂಚು. ಕುಳಿತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದಿಂದ ದನಿ ಬಂತು.

“ಅಕ್ಕಾರ, ನೀವೂ ಇಲ್ಲೇ ಏನ್ರಿ?”

ವಹಿಯಲ್ಲಿ ಬರೆದುಕೊಂಡ ಆ ಹುಡುಗಿಯ ತಾಯಿ. ನನ್ನ ಬಾಯಿಂದ ಬಂದ ಉತ್ತರ ಏನೆಂದು ಇಂದಿಗೂ ನೆನಪಿಲ್ಲ. ಸಮಾಲೋಚಕರು ಬಾಗಿಲಿಗೆ ಬಂದು ನನ್ನ ಹೆಸರು ಕರೆದಾಗ, ಮನೆಯವರನ್ನು ಕೇಳಿ ಬರುತ್ತೇನೆ ಎಂದೆ. ಅವರು ಒತ್ತಾಯ ಮಾಡಲಿಲ್ಲ; ಬರುವುದಾದರೆ ಬಹಳ ತಡ ಮಾಡಬೇಡಿ ಎಂದಷ್ಟೇ ಹೇಳಿದರು. ನಾನು ಬಸ್‌ಸ್ಟ್ಯಾಂಡು ಮುಟ್ಟಿದ ಮೇಲೆಯೇ ಉಸಿರು ಬಿಟ್ಟದ್ದು. ಆ ತಾಯಿ ತನ್ನ ತಂಗಿಯ ಬಾಣಂತನಕ್ಕೆ ಬಂದಿದ್ದಳಂತೆ. ಇಡೀ ಪಡಸಾಲೆಯಲ್ಲಿ ಆ ಬೆಂಚಿನ ಮೇಲಿನ ಫ್ಯಾನು ಒಂದೇ ತಿರುಗುತ್ತಿತ್ತು, ಅದಕ್ಕೇ ಅಲ್ಲಿ ಕುಳಿತಿದ್ದಳೆಂದು ಬಹಳ ದಿನಗಳ ಮೇಲೆ ತಿಳಿಯಿತು.

ಬಸ್ಸಿನಲ್ಲಿ ಕುಳಿತು ನನ್ನ ಪರವಾಗಿ ನಾನೇ ವಾದ ಮಾಡಿದೆ. ನಾನು ಯಾರ ಮಗಳು, ನಮ್ಮವರು ಎಂಥವರು, ನಮ್ಮಂಥ ಮನೆತನಕ್ಕೆ ಈ ಪರೀಕ್ಷೆಯ ಅವಶ್ಯಕತೆಯಾದರೂ ಏನು? ಎದುರು ವಕೀಲರು ಯಾರೂ ಇರಲಿಲ್ಲವಾದ್ದರಿಂದ ನಾನೇ ಗೆದ್ದೆ. ಸಂಜೆ ನಮ್ಮವರನ್ನು ಕೇಳಿದೆ. “ನೀ ಹೆಂಗಂತಿ ಹಂಗ” ಎಂದರು. ಆ ದಿನದ ಹತ್ತು ಮಾತಿನಲ್ಲಿ ಮೂರು ಅಲ್ಲಿಗೆ ಖರ್ಚಾದವು.

ನಾಲ್ಕು ದಿನ ಬಿಟ್ಟು ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮನೆಗೆ ಬಂದಳು. ತಾಯಿ ಕಾರ್ಡು ನೋಡಿ ಎಚ್‌ಐವಿ ಪರೀಕ್ಷೆಯ ಕಡೆ ಖಾಲಿ ಇದೆಯಲ್ಲ ಎಂದಳು. ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದ ಅತ್ತೆ, ನಮ್ಮ ಮನೆಯಲ್ಲಿ ಅಂಥದ್ದು ಹೇಗೆ ಬರುತ್ತದೆ ಎಂದು ಕೇಳಿದರು. ಅವಳು ಗಂಡ ಹೆಂಡಿರ ವಿಷಯ ಹೇಳಿದಳು, ರಕ್ತದ ವಿಷಯ ಹೇಳಿದಳು, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚುವ ವಿಷಯವನ್ನೂ ಹೇಳಿದಳು. ಅಲ್ಲಿಗೆ ಅತ್ತೆಯ ಕೈಯಲ್ಲಿದ್ದ ಮೊರ ನಿಂತಿತು.

ಮರುದಿನ ಮುಂಜಾನೆ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ ಕೇಳಿದರು.

“ಯವ್ವಾ, ಆವತ್ತ ಸಂತ್ಯಾಗ ಆಂವನ ಕಡೆ ಸೂಜಿ ಒಂದಽ ಇತ್ತಲ್ಲ?”

ಏನು ಕೇಳುತ್ತಿದ್ದಾರೆಂದು ಒಮ್ಮೆಲೇ ಹೊಳೆಯಲಿಲ್ಲ. ಹೊಳೆದ ಮೇಲೆ ನನ್ನ ಎಡ ಮುಂಗೈ ನೋಡಿಕೊಂಡೆ. ಮದುವೆಯಾದ ಹೊಸದರಲ್ಲಿ ಅತ್ತೆ ನನ್ನ ಬರಿಗೈ ಕಂಡು ಮರುಗಿದ್ದರು. ಹಚ್ಚೆ ಇಲ್ಲದ ಹೆಣ್ಣುಮಗಳಿಗೆ ಮೇಲೆ ಹೋದಾಗ ಗುರುತು ಕೇಳುತ್ತಾರಂತೆ. ಆಧಾರ್ ಕಾರ್ಡು ಅಲ್ಲಿ ನಡೆಯುವುದಿಲ್ಲವೆಂದು ಕಾಣುತ್ತದೆ. ಆದ್ದರಿಂದ ಒಂದು ಸಂತೆಯ ದಿನ ನನ್ನನ್ನು ಕರೆದುಕೊಂಡು ಹೋದರು. ಬ್ಯಾಟರಿ ಮಷಿನ್ ಇಟ್ಟುಕೊಂಡು ಕುಳಿತವನ ಮುಂದೆ ಏಳೆಂಟು ಹೆಂಗಸರ ಸರದಿ. ಸೂಜಿ ಒಂದೇ, ಬಣ್ಣದ ಬಟ್ಟಲು ಒಂದೇ, ಒರೆಸುವ ಅರಿವೆಯೂ ಒಂದೇ. ಅತ್ತೆ ತಮ್ಮ ಮಾಸಿದ ಹಚ್ಚೆಯನ್ನು ಮೊದಲು ತಿದ್ದಿಸಿಕೊಂಡು, ಏನೂ ನೋಯುವುದಿಲ್ಲ ಬಾ ಎಂದು ಸುಳ್ಳು ಹೇಳಿ ನನ್ನನ್ನು ಕೂರಿಸಿದರು. ಬೇಗ ಮೊಮ್ಮಗು ಬರಲೆಂದು ತಾವೇ ಆರಿಸಿ ನನ್ನ ಮುಂಗೈ ಮೇಲೆ ಒಂದು ತೊಟ್ಟಿಲು ಬರೆಸಿದರು.

“ನೀ ಒಲ್ಲೆ ಅಂದಿದ್ದಿ” ಎಂದರು ಅತ್ತೆ. ತವೆಯ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ನಮ್ಮ ಮನೆಯಲ್ಲಿ ಅವರು ರೊಟ್ಟಿ ಹೊತ್ತಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಲ್ಲಿಯವರೆಗೆ ನನಗಿದ್ದದ್ದು ನಾಚಿಕೆ. ಆ ಮುಂಜಾನೆಯಿಂದ ಅಂಜಿಕೆ ಶುರುವಾಯಿತು. ಮೊದಲು, ಇರುವುದಿಲ್ಲ ಎಂಬ ಭರವಸೆಯಿಂದ ಪರೀಕ್ಷೆ ಬೇಡ ಎಂದಿದ್ದೆ. ಈಗ, ಇದ್ದುಬಿಟ್ಟರೆ ಎಂಬ ದಿಗಿಲಿನಿಂದ ಬೇಡ ಅನ್ನಿಸತೊಡಗಿತು. ಎರಡು ದಾರಿಗಳೂ ಒಂದೇ ಊರಿಗೆ ಹೋಗುತ್ತಿದ್ದವು. ಶಾಲೆಯಲ್ಲಿ ಹುಡುಗಿಯರ ಮುಖ ನೋಡುವುದು ಕಷ್ಟವಾಯಿತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಾಗಲೆಲ್ಲ ಆ ತೊಟ್ಟಿಲೇ ಕಾಣುತ್ತಿತ್ತು. ನನಗೇನಾದರೂ ಆಗಲಿ, ಒಳಗಿರುವುದಕ್ಕೆ ಏನು ಗೊತ್ತು ಎಂದು ಮನಸ್ಸು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

ಮೂರನೆಯ ದಿನ ಅತ್ತೆ ಇಳಕಲ್ಲ ಸೀರೆ ಉಟ್ಟು ನಿಂತರು. ಸವದತ್ತಿಗೆ ನಡೆ, ನಾನೊಂದು ಉಪಾಯ ಮಾಡಿದ್ದೇನೆ ಎಂದರು. ಉಪಾಯ ಏನೆಂದು ಬಸ್ಸಿನಲ್ಲಿ ಎಷ್ಟು ಕೇಳಿದರೂ ಹೇಳಲಿಲ್ಲ. ಸಮಾಲೋಚಕರ ಕೋಣೆಗೆ ನನಗಿಂತ ಮೊದಲು ನುಗ್ಗಿ, ಕುರ್ಚಿ ಎಳೆದುಕೊಂಡು ಕುಳಿತು, ಕುಪ್ಪಸದ ತೋಳು ಮೇಲೆ ಸರಿಸಿ ಕೈಯನ್ನು ಮೇಜಿನ ಮೇಲೆ ಚಾಚಿದರು.

“ಬಾಯಾರ, ನಮ್ಮಿಬ್ಬರಿಗೂ ಚುಚ್ಚಿದ್ದು ಒಂದಽ ಸೂಜಿರಿ. ನನ್ನ ರಕ್ತ ತಗೊಂಡು ನೋಡ್ರಿ. ನನಗ ಇಲ್ಲಂದ್ರ ಆಕಿಗೂ ಇಲ್ಲ. ಆಕಿ ಸಾಲಿ ಕಲಸಾಕಿ, ಆಕಿ ಹೆಸರು ಕಾಗದದಾಗ ಬ್ಯಾಡ.”

ಎಂ.ಎ., ಬಿ.ಎಡ್. ಮುಗಿಸಿದ ನನಗೆ ಆ ತರ್ಕದಲ್ಲಿ ಒಂದು ಬಿರುಕೂ ಕಾಣಲಿಲ್ಲ. ಇದು ನನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆಕಿಚ್ಚು ಕೂಡ ಆಯಿತು. ಸಮಾಲೋಚಕರು ನನ್ನ ವಯಸ್ಸಿನವರೇ, ತೆಳ್ಳಗಿನ ಹೆಣ್ಣುಮಗಳು. ಅವರು ನಗಲಿಲ್ಲ.

“ಅತ್ತಿ ರಕ್ತದಾಗ ಸೊಸಿದು ಗೊತ್ತಾಗೂದಿಲ್ರಿ ಅವ್ವಾರ. ಒಂದಽ ಸೂಜಿ ಆದ್ರೂ ಒಬ್ಬರಿಗೆ ಹತ್ತಬಹುದು, ಒಬ್ಬರಿಗೆ ಬಿಡಬಹುದು. ನಿಮಗ ಬೇಕಾದ್ರ ನಿಮ್ಮದೂ ನೋಡೂಣು. ಆಕೀದು ಆಕೀನ ಹೇಳಬೇಕು.”

ಹಚ್ಚೆಯ ಸೂಜಿಯಿಂದ ಸೋಂಕು ಹತ್ತುವ ಸಂಭವ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲು ಬರುವುದಿಲ್ಲ ಎಂದೂ ಹೇಳಿದರು. ಆಮೇಲೆ ಅತ್ತೆಯನ್ನು ಸ್ವಲ್ಪ ಹೊರಗೆ ಕುಳಿತಿರಿ ಎಂದರು. ಸ್ವಂತ ಸೊಸೆಯ ಮಾತು ಕೇಳಲು ತಮಗೆ ಅಧಿಕಾರವಿಲ್ಲ ಎಂಬುದನ್ನು ಅತ್ತೆ ಮೊದಲ ಸಲ ಕೇಳಿದ್ದು. ತೋಳು ಇಳಿಸಿಕೊಂಡು ಎದ್ದು ಹೋದರು.

ಬಾಗಿಲು ಮುಚ್ಚಿತು. ಬೇಡ ಎನ್ನಲು ನನಗೆ ಹಕ್ಕಿದೆ, ಬೇಡ ಎಂದರೂ ಉಳಿದ ತಪಾಸಣೆ ನಿಲ್ಲುವುದಿಲ್ಲ, ಫಲಿತಾಂಶ ನನ್ನನ್ನು ಬಿಟ್ಟು ಮನೆಯ ಯಾರಿಗೂ ಹೇಳುವುದಿಲ್ಲ ಎಂದು ಅವರು ತಿಳಿಸಿ ಹೇಳಿದರು. ನಾನು ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸಿದೆ. ಕೊನೆಗೆ, ಅಷ್ಟು ದಿನ ಯಾರ ಮುಂದೆಯೂ ಆಡದ ಮಾತನ್ನು ಕೇಳಿದೆ.

“ಇದ್ರ?”

“ಇದ್ರ ಇವತ್ತಽ ಇದ್ದಂಗ. ನೋಡಿದ್ರ ಬರೂದಿಲ್ಲ, ನೋಡದಿದ್ರ ಹೋಗೂದಿಲ್ಲ. ಗೊತ್ತಾತಂದ್ರ ನಾಳಿನಿಂದಽ ನಿಮಗ ಗುಳಿಗಿ ಚಾಲೂ ಮಾಡತೇವಿ, ಹುಟ್ಟಿದ ಮ್ಯಾಲ ಕೂಸಿಗೂ ಔಷಧ ಕೊಡತೇವಿ. ಆಗ ಕೂಸಿಗೆ ಹತ್ತೂದು ಭಾಳ ಕಡಿಮಿ. ಗೊತ್ತಾಗಲಿಲ್ಲಂದ್ರ ಏನ್ ಕೊಡೂಣ್ರಿ?”

ಇದೆಲ್ಲ ನನಗೆ ಗೊತ್ತಿರಲಿಲ್ಲವೆಂದಲ್ಲ. ಹದಿನೈದು ದಿನದ ಹಿಂದೆ ಹಲಗೆಯ ಮೇಲೆ ನಾನೇ ಬರೆದಿದ್ದೆ. ಆದರೆ ಅಲ್ಲಿ ಅದು ಪಾಠದ ಕೂಸು; ಇದು ನನ್ನದು. “ತಗೋರಿ” ಎಂದೆ. ಅದು ನನ್ನ ಜನ್ಮದಲ್ಲಿ ನಾನು ಮಾಡಿದ ಅತಿ ಚಿಕ್ಕ ಭಾಷಣ.

ಪಕ್ಕದ ಲ್ಯಾಬಿನಲ್ಲಿ ಸೂಜಿಯ ಪಾಕೀಟನ್ನು ನನ್ನ ಕಣ್ಣೆದುರಿಗೇ ಒಡೆದರು. ಹೊಸ ಸೀರೆಯ ಮಡಿಕೆ ಬಿಚ್ಚುವುದನ್ನೂ ನಾನು ಅಷ್ಟು ಗಮನವಿಟ್ಟು ನೋಡಿದವಳಲ್ಲ. ಅತ್ತೆಯೂ ಬಿಡಲಿಲ್ಲ, ಬಂದವರು ಸುಮ್ಮನೆ ಹೋಗುವುದು ಹೇಗೆಂದು ತಮ್ಮದನ್ನೂ ಕೊಟ್ಟರು. ನಂತರ ಇಬ್ಬರೂ ಅದೇ ಬೆಂಚಿನ ಮೇಲೆ, ಅದೇ ಫ್ಯಾನಿನ ಕೆಳಗೆ ಕುಳಿತೆವು. ಹೋಗಿ ಬರುವವರು ನೋಡಿದರು. ನೋಡಲಿ ಅನ್ನಿಸಲಿಲ್ಲ, ನೋಡುತ್ತಿದ್ದಾರೆಂಬುದೇ ಮರೆತಿತ್ತು. ಅತ್ತೆ ಸೊಂಟದ ಸಂಚಿಯಿಂದ ಎಲೆ ತೆಗೆದು, ಸುಣ್ಣ ಹಚ್ಚಿ, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಕುಳಿತರು.

ಮೊದಲು ಅವರನ್ನು ಕರೆದರು. ಗುಟ್ಟಾಗಿಡಬೇಕೆಂದು ಒಳಗೆ ಸಮಾಲೋಚಕರು ಎಷ್ಟು ಮೆತ್ತಗೆ ಹೇಳಿದ್ದರೋ, ಅಷ್ಟೇ ಜೋರಾಗಿ, ಹೊಲದ ಆಚೆ ಬದುವಿನವರನ್ನು ಕರೆಯುವ ದನಿಯಲ್ಲಿ ಅತ್ತೆ ಬಾಗಿಲಲ್ಲೇ ನಿಂತು ಸಾರಿದರು: “ನನಗೇನೂ ಇಲ್ಲಂತ.” ಪಡಸಾಲೆಯ ಆ ತುದಿಯಿಂದ ಒಬ್ಬ ಅಜ್ಜಿ, ಛಲೋ ಆತು ಬಿಡವ್ವಾ ಎಂದಳು.

ಆಮೇಲೆ ನನ್ನ ಸರದಿ. ಬೆಂಚಿನಿಂದ ಬಾಗಿಲಿಗೆ ಆರೇಳು ಹೆಜ್ಜೆ. ಅತ್ತೆಗೆ ಇಲ್ಲವೆಂದರೆ ನನಗೂ ಇಲ್ಲ ಎಂಬ ತರ್ಕ ಅಷ್ಟು ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ. ಸಮಾಲೋಚಕರು ಚೀಟಿಯನ್ನು ನನ್ನ ಕಡೆ ತಿರುಗಿಸಿ, ನೆಗೆಟಿವ್ ಎಂದರು. ಹಾಗೆಂದರೆ ಏನು ಎಂದೆ. ಹಾಗೆಂದರೆ ಇಲ್ಲ ಎಂದರು. ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆ ಹೇಳಿದರು. ನಮ್ಮವರನ್ನೂ ಒಮ್ಮೆ ಕರೆದುಕೊಂಡು ಬರಲು ತಿಳಿಸಿದರು.

ಹೊರಗೆ ಬಂದೆ. ಇಲ್ಲವೆಂದು ತಲೆಯಾಡಿಸಿದೆ. ಅತ್ತೆ ನನ್ನ ಮುಂಗೈ ಹಿಡಿದುಕೊಂಡು, ಒರೆಸಿದರೆ ಹೋದೀತೇನೋ ಎನ್ನುವಂತೆ ಹೆಬ್ಬೆರಳಿನಿಂದ ಆ ತೊಟ್ಟಿಲನ್ನು ತಿಕ್ಕಿದರು. ಕಣ್ಣು ಒರೆಸಿಕೊಂಡು, ಹಿಡಿದುಕೊಂಡಿದ್ದ ಎಲೆಯನ್ನು ಬಾಯಿಗೆ ಹಾಕಿಕೊಂಡರು.

“ಕೂಸಿಗೆ ಹಚ್ಚಿ ಬ್ಯಾಡ ಬಿಡು ಯವ್ವಾ. ಮ್ಯಾಲ ಗುರುತ ಕೇಳಿದ್ರ ಈ ಚೀಟಿ ತೋರಸಲಿ.”

ಬಸ್‌ಸ್ಟ್ಯಾಂಡಿನಲ್ಲಿ, ಬಸುರಿಗೆ ಬೇಡವೆಂದು ಅತ್ತೆಯೇ ಹೇಳಿದ್ದ ಮಿರ್ಚಿ ಭಜಿಯನ್ನು ಇಬ್ಬರೂ ಸಮಾಧಾನವಾಗಿ ತಿಂದೆವು. ಮರುವಾರ ನಮ್ಮವರು ಬಂದರು. ಸೂಜಿ ಚುಚ್ಚಿ ತೆಗೆಯುವವರೆಗೆ ಮೇಲಿನ ಫ್ಯಾನು ನೋಡುತ್ತ ಕುಳಿತಿದ್ದು, ಕೊನೆಗೆ ಅದರ ಮೋಟಾರು ಸುಡಲು ಬಂದಿದೆ ಎಂದರು.

ಈಗಲೂ ವಿಜ್ಞಾನದ ಮಾಸ್ತರರಿಗೆ ಆ ಪಾಠದ ಹೊತ್ತಿಗೆ ಕೆಮ್ಮು ಬರುತ್ತದೆ. ನಾನು ಹುಡುಗಿಯರಿಗೆ ಮೊದಲು ಹೇಳುವುದು ಬೆಂಚಿನಿಂದ ಓಡಿ ಬಂದ ಸಂಗತಿಯನ್ನು. ವಹಿಯಲ್ಲಿ ಯಾರೂ ಏನೂ ಬರೆದುಕೊಳ್ಳುವುದಿಲ್ಲ, ಪೆನ್ನು ಕೆಳಗಿಟ್ಟು ಕೇಳುತ್ತಾರೆ. ಆ ಆರೇಳು ಹೆಜ್ಜೆಗಳು ನೆನಪಾದರೆ ನನಗೆ ಇಂದಿಗೂ ಕಾಲು ಭಾರವಾಗುತ್ತವೆ, ಮತ್ತೆ ತಾವೇ ಹಗುರಾಗುತ್ತವೆ.

ಮೂವರ ವರದಿಯೂ ನೆಗೆಟಿವ್ ಇತ್ತು. ಶ್ರಾವಣದಲ್ಲಿ ಮಗಳು ಹುಟ್ಟಿದಳು, ತೂಕ ಎರಡೂ ಮುಕ್ಕಾಲು ಕಿಲೊ.